ಗ್ಯಾರೇಜಿನ ಜನರೇಟರ್ ಮತ್ತು 28ರ ಲೆಕ್ಕ

ಹತ್ತನೆಯ ತರಗತಿಗೆ ‘ಅಪೂರ್ಣ ದಹನ’ ಬೋಧಿಸುವಾಗ ಗ್ಯಾರೇಜಿನಲ್ಲಿಟ್ಟ ಪೆಟ್ರೋಲ್ ಜನರೇಟರನ್ನು ಉದಾಹರಣೆಯಾಗಿ ಕೊಟ್ಟೆ. ‘ಹೊಗೆ ಮೇಲೇರುತ್ತದೆ, ಮೇಲೊಂದು ಕಿಂಡಿಯಿದ್ದರೆ ಸಾಕು’ ಎಂದರು ಮಕ್ಕಳು. ಅವರಿಂದಲೇ ಅಣುರಾಶಿ ಲೆಕ್ಕ ಮಾಡಿಸಿದೆ: ಕಾರ್ಬನ್ ಮೊನಾಕ್ಸೈಡ್ 12+16=28, ಗಾಳಿಯ ಸರಾಸರಿ ಸುಮಾರು 29. ತಣಿದ ಮೇಲೆ ಅದು ಗಾಳಿಯಲ್ಲೇ ಬೆರೆತು ಉಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ; ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ.

‘ಪೈಪ್ ಹಾಕಿ ಹೊರಬಿಟ್ಟರೆ?’ ಎಂದಳೊಬ್ಬಳು. ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಆದರೂ ಉಳಿದ ಅವಧಿಯನ್ನು ಇದಕ್ಕೇ ಕೊಟ್ಟೆ. ಪೈಪ್ ಕಾಯುತ್ತದೆ, ಅದುರಾಟಕ್ಕೆ ಜೋಡಣೆ ಸಡಿಲಗೊಂಡು ಅನಿಲ ಸೋರುತ್ತದೆ. ಯಂತ್ರವನ್ನೇ ಹೊರಗೆ, ಕಿಟಕಿ-ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ ಇಡಬೇಕು. ಹೊಗೆಕೊಳವೆಯ ಬಾಯಿ ಮನೆಯಿಂದಾಚೆಗೆ ತಿರುಗಿರಬೇಕು.

ಮೌಲ್ಯಮಾಪನಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯ ನಕ್ಷೆ ಬರೆದರು. ಓಣಿಮನೆಗಳ ಮೂವರಿಗೆ ಆ 6 ಮೀಟರ್ ಸಿಗಲೇ ಇಲ್ಲ. ಅವರ ನಕ್ಷೆಯಲ್ಲಿ ಬ್ಯಾಟರಿ ಇನ್ವರ್ಟರ್ ಬರೆಸಿದೆ.