ಶಿಶುಗಳ ಲಂಗೋಟಿ ದದ್ದು: ಕಾರಣ ಮತ್ತು ಆರೈಕೆ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಇತಿಹಾಸವನ್ನು ಬರೆಯಲು ಸಮರ್ಥರಾದವರು ಅನೇಕರಿದ್ದಾರೆ. ನಾನು ಒಂದು ಸಣ್ಣ ಆರೋಗ್ಯಪಾಠವನ್ನು ಆರಿಸಿಕೊಂಡಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ಅಜ್ಜ ಅಜ್ಜಿಯರು. ಮಗಳ ಬಾಣಂತನವೂ ಮೊಮ್ಮಗುವಿನ ಆರೈಕೆಯೂ ಅವರ ಕೈಯಲ್ಲಿವೆ. ಮುಲಾಮಿನ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳು ಇಂಗ್ಲಿಷಿನವು. ಕಾಸರಗೋಡಿನಲ್ಲಿ ಕೈಗೆ ಬರುವ ಕರಪತ್ರಗಳು ಹೆಚ್ಚಾಗಿ ಮಲಯಾಳದವು. ಕನ್ನಡವನ್ನು ಮಾತ್ರ ಓದಬಲ್ಲ ಹಿರಿಯರಿಗೂ ಈ ವಿಷಯ ತಿಳಿದಿರಬೇಕೆಂಬುದು ನನ್ನ ಉದ್ದೇಶ.

ಕಾರಣವೇನು?

ಲಂಗೋಟಿ ಅಥವಾ ಡಯಾಪರ್ ಮುಚ್ಚಿರುವ ಭಾಗದಲ್ಲಿ ಮಗುವಿನ ಚರ್ಮ ಕೆಂಪಗಾಗಿ, ಮುಟ್ಟಿದರೆ ಅಳುವಷ್ಟು ಉರಿಯುವುದುಂಟು. ಇದನ್ನು ‘ಉಷ್ಣ’ವೆಂದೋ, ಬಾಣಂತಿಯ ಪಥ್ಯ ಕೆಟ್ಟಿತೆಂದೋ ಹೇಳಿ ತಾಯಿಯನ್ನು ದೂರುವುದು ಸರಿಯಲ್ಲ. ಇದರ ಮೂಲ ಒದ್ದೆ. ಬಹಳ ಹೊತ್ತು ಒದ್ದೆಯಲ್ಲಿರುವ ಚರ್ಮ ಮೆತ್ತಗಾಗಿ, ಬಟ್ಟೆಯ ಉಜ್ಜುವಿಕೆಗೆ ಬೇಗನೆ ತರಚುತ್ತದೆ. ಮೂತ್ರಕ್ಕೆ ಮಲ ಸೇರಿದಾಗ ಅಮೋನಿಯಾ ಹುಟ್ಟಿ ಚರ್ಮದ ಸಹಜವಾದ ಆಮ್ಲಗುಣ ಕುಂದುತ್ತದೆ. ಆಗ ಮಲದಲ್ಲಿರುವ ಜೀರ್ಣರಸದ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೊರೆಯತೊಡಗುತ್ತವೆ. ಭೇದಿಯಾದಾಗ ದದ್ದು ಹೆಚ್ಚಲು ಇದೇ ಕಾರಣ. ಎದೆಹಾಲನ್ನಷ್ಟೇ ಕುಡಿಯುವ ಕೂಸುಗಳಲ್ಲಿ ಇದು ಸಾಮಾನ್ಯವಾಗಿ ಕಡಿಮೆ.

ಆರೈಕೆಯ ಕ್ರಮ

ಮೊದಲನೆಯದಾಗಿ, ಮಲವಿಸರ್ಜನೆಯಾದ ಕೂಡಲೇ ಬಟ್ಟೆ ಬದಲಿಸಬೇಕು. ಇಲ್ಲವಾದರೂ ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ನೋಡಬೇಕು. ಡಯಾಪರ್ ತುಂಬಿ ತೂಗುವವರೆಗೆ ಕಾಯುವುದು ಉಳಿತಾಯವಲ್ಲ.

ಎರಡನೆಯದಾಗಿ, ಉಗುರುಬೆಚ್ಚಗಿನ ನೀರಿನಿಂದ ಮೃದುವಾಗಿ ತೊಳೆದು, ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಪ್ರತಿ ಸಲವೂ ಸಾಬೂನು ಬೇಡ. ದಿನಕ್ಕೆ ಕೆಲವು ಬಾರಿ ಹತ್ತು ಹದಿನೈದು ನಿಮಿಷ ಮಗುವನ್ನು ಬಟ್ಟೆಯಿಲ್ಲದೆ ಗಾಳಿಗೆ ಬಿಡಬೇಕು.

ಮೂರನೆಯದಾಗಿ, ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪವಾಗಿ ಹಚ್ಚಬೇಕು. ಅದು ಚರ್ಮಕ್ಕೂ ಒದ್ದೆಗೂ ನಡುವೆ ಗೋಡೆಯಾಗುತ್ತದೆ. ಮುಂದಿನ ಬಾರಿ ಮೇಲಿನ ಕೊಳೆಯನ್ನಷ್ಟೇ ತೆಗೆದರೆ ಸಾಕು. ಮುಲಾಮನ್ನು ಪೂರ್ತಿ ಕೆರೆದು ತೆಗೆಯಬಾರದು.

ಬಟ್ಟೆಯ ಲಂಗೋಟಿ ಬಳಸುವವರು ಸಾಬೂನಿನ ಅಂಶ ಉಳಿಯದಂತೆ ಜಾಲಿಸಿ ಬಿಸಿಲಿನಲ್ಲಿ ಒಣಗಿಸಬೇಕು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಬಿಸಿಲೇ ಕಾಣದಾಗ ಇಸ್ತ್ರಿ ಹಾಕಿ ತೇವ ಪೂರ್ತಿ ಆರಿದ ಮೇಲೆಯೇ ಉಡಿಸಬೇಕು.

ಎಚ್ಚರಿಕೆಯ ಮಾತು

ತರಚಿದ ಚರ್ಮದ ಮೇಲೆ ಹಾಕಿದ್ದು ದೇಹದೊಳಕ್ಕೂ ಇಳಿಯುತ್ತದೆ. 1972ರಲ್ಲಿ ಫ್ರಾನ್ಸಿನಲ್ಲಿ ಶಿಶುಗಳ ಪೌಡರಿಗೆ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕ ಪ್ರಮಾದದಿಂದ ಅತಿಯಾಗಿ ಬೆರೆತು, 36 ಮಕ್ಕಳು ತೀರಿಕೊಂಡರು. ನಮ್ಮ ಮನೆಗಳಲ್ಲಿ ಹಿಂದೆ ಬಳಸುತ್ತಿದ್ದ ಬೋರಿಕ್ ಪುಡಿಯೂ ಹೀಗೆಯೇ ವಿಷವಾಗಬಲ್ಲುದು. ಸಾಮಾನ್ಯ ಟಾಲ್ಕಂ ಪೌಡರ್ ಉಸಿರಿನೊಡನೆ ಶ್ವಾಸಕೋಶವನ್ನು ಸೇರುವುದರಿಂದ ಅದೂ ಬೇಡ.

ಇನ್ನೊಂದು ಅಪಾಯ, ದೊಡ್ಡವರ ತುರಿಗಜ್ಜಿಗೆಂದು ತಂದಿಟ್ಟ ಮುಲಾಮನ್ನು ಮಗುವಿಗೂ ಸವರುವುದು. ಇಂಥವುಗಳಲ್ಲಿ ಕೆಲವದರಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್ ಮೊದಲಾದ ಪ್ರಬಲ ಸ್ಟೀರಾಯ್ಡುಗಳಿರುತ್ತವೆ. ಎರಡು ದಿನದಲ್ಲಿ ಕೆಂಪು ಮಾಯವಾಗುವುದನ್ನು ಕಂಡು ನಾವು ಮೋಸಹೋಗುತ್ತೇವೆ. ಒಳಗೆ ಚರ್ಮ ತೆಳುವಾಗುತ್ತದೆ, ಶಿಲೀಂಧ್ರ ಬೆಳೆಯುತ್ತದೆ; ಡಯಾಪರಿನ ಬಿಗಿ ಮುಚ್ಚಿಗೆಯಡಿ ಔಷಧಿ ಇನ್ನಷ್ಟು ಹೀರಲ್ಪಡುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಆದುದರಿಂದ ಹೆಸರು ಹೇಳಿ ಟ್ಯೂಬು ತರುವ ಅಭ್ಯಾಸವನ್ನು ಬಿಡತಕ್ಕದ್ದು.

ವೈದ್ಯರ ಬಳಿಗೆ ಯಾವಾಗ?

ಸಾಧಾರಣ ದದ್ದು ಉಬ್ಬಿದ ಭಾಗದಲ್ಲಿರುತ್ತದೆ, ತೊಡೆಸಂದಿನ ಮಡಿಕೆಗಳು ಹೆಚ್ಚಾಗಿ ಪಾರಾಗುತ್ತವೆ. ಮಡಿಕೆಗಳ ಒಳಗೂ ಗಾಢ ಕೆಂಪಾಗಿ, ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆಗಳು ಚದುರಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಾಗಿರಬಹುದು. ಮಗುವಿಗೆ ಆಂಟಿಬಯೋಟಿಕ್ ಕೊಟ್ಟ ಬಳಿಕ ಇದು ಬರುವುದುಂಟು. ಇದಕ್ಕೆ ಬೇರೆಯೇ ಔಷಧಿ ಬೇಕು. ಮೂರು ದಿನಗಳ ಆರೈಕೆಯಿಂದ ಗುಣ ಕಾಣದಿದ್ದರೆ, ಜ್ವರ, ಕೀವು, ನೀರುಗುಳ್ಳೆ ಅಥವಾ ರಕ್ತ ಕಂಡರೆ, ಮಗು ಒಂದು ತಿಂಗಳಿಗಿಂತ ಚಿಕ್ಕದಾಗಿದ್ದರೆ ತಡಮಾಡಬಾರದು. ಬಾಯಿಯ ಸುತ್ತಲೂ ಅಂತಹದೇ ದದ್ದಿದ್ದು ಭೇದಿಯೂ ನಿಲ್ಲದಿದ್ದರೆ ಸತುವಿನ ಕೊರತೆಯಿರಬಹುದು. ಅದನ್ನು ವೈದ್ಯರೇ ಪರೀಕ್ಷಿಸಬೇಕು.

ಒಣಗಿದ ಬಟ್ಟೆ, ಶುದ್ಧ ನೀರು, ತುಸು ಗಾಳಿ, ಒಂದು ಸಾದಾ ಮುಲಾಮು: ಹೆಚ್ಚಿನ ಕೂಸುಗಳಿಗೆ ಇಷ್ಟೇ ಸಾಕು. ಈ ಪುಟವನ್ನು ಓದಿದವರು ಮನೆಯಲ್ಲಿರುವ ಎಳೆಯ ತಾಯಂದಿರಿಗೂ ಓದಿ ಹೇಳಬೇಕೆಂದು ಕೋರುತ್ತೇನೆ.