ಕೊಸರಿನ ಲೆಕ್ಕ

ಮದ್ರಾಸಿಗೆ ಬಂದ ಹೊಸತರಲ್ಲಿ ಕೊತ್ತಂಬರಿಗೂ ಕರಿಬೇವಿಗೂ ನಾನು ದುಡ್ಡು ಕೊಟ್ಟವನಲ್ಲ. ತರಕಾರಿ ತೂಗಿದ ಮೇಲೆ ಅಂಗಡಿಯಮ್ಮ ಒಂದು ಹಿಡಿ ಚೀಲಕ್ಕೆ ಹಾಕುತ್ತಿದ್ದರು. ತಮಿಳರು ಅದಕ್ಕೆ 'ಕೊಸುರು' ಅನ್ನುತ್ತಾರೆ, ನಮ್ಮ ಕೊಸರೇ. ಈಗ ತಮಿಳರ ಐಪ್ಪಸಿ ತಿಂಗಳ ಮಳೆಯಲ್ಲಿ ಕೊಸರು ಕೇಳಿದರೆ ಮುಖ ನೋಡುತ್ತಾರೆ. ಕಟ್ಟಿಗೆ 40 ರೂಪಾಯಿ ಕೊಟ್ಟದ್ದೂ ಉಂಟು.

ಆ ಸಿಟ್ಟಿಗೆ, ತಾರಸಿಯಲ್ಲಿ ನಾನೇ ಬೆಳೆಯುತ್ತೇನೆಂದು, 2023ರ ನವರಾತ್ರಿಯಲ್ಲಿ ಹಳೇ ಪೇಟೆಯ ಪ್ಯಾರೀಸ್ ಕಾರ್ನರಿಗೆ ಹೋದೆ. ಅಲ್ಲಿನ ಕೊತ್ತವಾಲ್ ಚಾವಡಿಯ ಸಗಟು ತರಕಾರಿ ಮಾರುಕಟ್ಟೆ 1996ರಲ್ಲೇ ಕೋಯಂಬೇಡಿಗೆ ಹೋಯಿತು. ಅಗ್ಗಕ್ಕೆ ಸಿಗುತ್ತದೆಂಬ ಆಸೆ ಮಾತ್ರ ಈ ಓಣಿಗಳನ್ನು ಬಿಟ್ಟಿಲ್ಲ. ಹನ್ನೆರಡು ಗ್ರೋ ಬ್ಯಾಗಿಗೆ 480, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರಕ್ಕೆ 350, ಹೂಕೋಸು, ದಪ್ಪ ಮೆಣಸಿನಕಾಯಿ, ಮೂಲಂಗಿ ಅಂತ ಬೀಜದ ಪೊಟ್ಟಣಗಳಿಗೆ 120. ಹೊರೆ ಹೆಚ್ಚಾಯಿತೆಂದು ಆಟೊಗೆ 250. ಒಟ್ಟು 1,200.

ಡಿಸೆಂಬರ್ 3, 4ರಂದು ಮಿಚಾಂಗ್ ಚಂಡಮಾರುತ. ತಾರಸಿಯಲ್ಲಿ ಬ್ಯಾಗುಗಳೆಲ್ಲ ತುಂಬಿದ ಬಿಂದಿಗೆಗಳಂತಾದವು. ಬದುಕಿದ ಹೂಕೋಸು ಆನೆಕಿವಿಯಂಥ ಎಲೆ ಬಿಟ್ಟಿತು, ಹೂ ಬಿಡಲಿಲ್ಲ. ಇಲ್ಲಿನ ಚಳಿಗಾಲದ ಮಾರ್ಗಳಿ ತಿಂಗಳ ರಾತ್ರಿಯೂ 20 ಡಿಗ್ರಿಯ ಆಸುಪಾಸು. ನಾನು ತಂದ ತಳಿಗೆ ಆ ಚಳಿ ಸಾಲಲಿಲ್ಲ. ಆ ವರ್ಷ ಕೈಗೆ ಬಂದದ್ದು ಅಂಗಡಿ ದರದಲ್ಲಿ 340 ರೂಪಾಯಿಯ ಮೂಲಂಗಿ, ಮೆಂತ್ಯ.

ಮರುವರ್ಷ ಫೆಂಗಲ್ ಚಂಡಮಾರುತ ದಾಟುವವರೆಗೂ ಬೀಜ ಮುಟ್ಟಲಿಲ್ಲ. ಹಳೇ ಬ್ಯಾಗು, ಹಳೇ ಮಣ್ಣು, 100 ರೂಪಾಯಿಯ ಗೊಬ್ಬರ, 15 ರೂಪಾಯಿಯ ಪಾಲಕ್ ಬೀಜ. ಉಳಿದದ್ದೆಲ್ಲ ಸಾಂಬಾರ ಡಬ್ಬಿಯಿಂದ. ಕೊತ್ತಂಬರಿ ಕಾಳಿನೊಳಗೆ ಇರುವುದು ಎರಡು ಬೀಜ. ಲಟ್ಟಣಿಗೆಯಲ್ಲಿ ಮೆಲ್ಲನೆ ಒತ್ತಿ ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿದರೆ ಹತ್ತು ದಿನದಲ್ಲಿ ಮೊಳಕೆ. ಮೆಂತ್ಯ ಮೂರೇ ವಾರಕ್ಕೆ ಸಾರಿಗೆ ಬಂತು. ಎಲೆ ಬಿಡಿಸಿಕೊಂಡ ಪುದೀನ ಕಡ್ಡಿಗಳನ್ನು ನೀರಿನ ಟ್ಯಾಂಕಿನ ನೆರಳಲ್ಲಿ ಚುಚ್ಚಿದೆ. ಪಾಲಕ್ಕನ್ನು ಕೀಳದೆ ಕೊಯ್ದೆ, ಮತ್ತೆ ಚಿಗುರಿತು. ಶಿವರಾತ್ರಿಯ ಹೊತ್ತಿಗೆ 700 ರೂಪಾಯಿಯ ಸೊಪ್ಪು.

ಇಲ್ಲೊಂದು ಮೋಸವಿದೆ, ಮುಚ್ಚಿಡಬಾರದು. ನಮ್ಮ ಕೊತ್ತಂಬರಿ ಬರುವುದು ಪೊಂಗಲ್ ಕಳೆದ ಮೇಲೆ, ಪೇಟೆಯಲ್ಲೂ ಅದು ಅಗ್ಗವಾದಾಗ. 40 ರೂಪಾಯಿಯ ಕಟ್ಟನ್ನು ತಾರಸಿಯಲ್ಲಿ ಬೆಳೆದು ತಪ್ಪಿಸಿಕೊಳ್ಳಲಾಗದು. ಉಳಿತಾಯವಾದದ್ದು ಬೇರೆ ಕಡೆ: ಕಟ್ಟು ತಂದು, ಅರ್ಧ ಬಳಸಿ, ಉಳಿದರ್ಧ ಫ್ರಿಜ್ಜಿನಲ್ಲಿ ಕೊಳೆಯುವುದು ನಿಂತಿತು. ಮಳೆಗಾಲದ ದರಕ್ಕೆ ಮದ್ದು ಆಗುವವು ವರ್ಷವಿಡೀ ನಿಲ್ಲುವ ಪುದೀನ, ಕರಿಬೇವು ಮಾತ್ರ.

ಎರಡು ವರ್ಷಕ್ಕೆ ಖರ್ಚು 1,315, ಬಂದದ್ದು 1,040. ತೋಟ ನನಗೆ ಇನ್ನೂ 275 ರೂಪಾಯಿ ಕೊಡಬೇಕು. ನೀವು ಶುರು ಮಾಡುವುದಾದರೆ ಪ್ಯಾರೀಸ್ ಕಾರ್ನರಿನಿಂದ ಪಾಲಕ್ ಬೀಜ, ನಾಲ್ಕು ಬ್ಯಾಗು ಸಾಕು. ಬಸ್ಸಿನಲ್ಲೇ ತರಬಹುದು.