ಹವ್ಯಾಸಿ ರೇಡಿಯೋ ಕೇಂದ್ರದ ತಂತಿ ಮತ್ತು ಕಂಬ

ಹವ್ಯಾಸಿ ರೇಡಿಯೋ ಕೇಂದ್ರವನ್ನು ಮನೆಯಲ್ಲಿ ಸ್ಥಾಪಿಸಲು ಹೊರಟ ವಿದ್ಯಾರ್ಥಿಯು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಪ್ರೇಷಕ ಯಂತ್ರವು ಎಷ್ಟು ವಾಟಿನದಾಗಿರಬೇಕು?' ಆದರೆ ಪ್ರೇಷಕದ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ದೂರದ ಗ್ರಾಹಕದ ಮಾಪಕದಲ್ಲಿ ಮುಳ್ಳು ಏರುವುದು ಒಂದೇ ಒಂದು ಅಂಕ. ತಂತಿಯನ್ನು ತಕ್ಕ ಎತ್ತರಕ್ಕೆ ಏರಿಸಿದವನಿಗೆ ಅದಕ್ಕಿಂತ ಹೆಚ್ಚಿನ ಲಾಭ ದೊರೆಯುವುದುಂಟು. ಅದೂ ಮಾತನಾಡುವಾಗ ಮಾತ್ರವಲ್ಲದೆ ಕೇಳುವಾಗಲೂ ದೊರೆಯುತ್ತದೆ.

ವಿಪತ್ತಿನ ಕಾಲದಲ್ಲಿ ಈ ಮಾತಿಗೆ ವಿಶೇಷ ಬೆಲೆಯಿದೆ. ೨೦೦೪ನೆಯ ಡಿಸೆಂಬರ್ ೨೬ರಂದು ಸುನಾಮಿಯು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿದಾಗ, ಭಾರತಿ ಪ್ರಸಾದರ ನೇತೃತ್ವದ ಹವ್ಯಾಸಿಗಳ ತಂಡವೊಂದು ಪೋರ್ಟ್ ಬ್ಲೇರಿನಲ್ಲಿತ್ತು. ದ್ವೀಪಗಳ ಸುದ್ದಿಯು ಆ ತಂಡದ ಕೇಂದ್ರದ ಮೂಲಕ ಭಾರತದ ನೆಲಕ್ಕೆ ಮುಟ್ಟಿತು. ವಿದ್ಯುತ್ ಸರಬರಾಜು ನಿಂತು, ಬ್ಯಾಟರಿಯೊಂದೇ ಆಧಾರವಾದ ವೇಳೆಯಲ್ಲಿ ವಾಟುಗಳನ್ನು ಹೆಚ್ಚಿಸುವ ಉಪಾಯವಿಲ್ಲ. ಇರುವ ಅಲ್ಪ ಶಕ್ತಿಯನ್ನು ಸರಿಯಾದ ದಿಕ್ಕಿಗೆ ಕಳುಹಿಸುವುದೊಂದೇ ದಾರಿ.

ತಂತಿಯ ಉದ್ದದ ಲೆಕ್ಕ ಸುಲಭ. ರೇಡಿಯೋ ಅಲೆಯು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ೩೦೦ ಮೀಟರು ಸಾಗುತ್ತದೆ. ಆದಕಾರಣ ೩೦೦ನ್ನು ಮೆಗಾಹರ್ಟ್ಸ್‌ಗಳಲ್ಲಿ ಹೇಳಿದ ಆವೃತ್ತಿಯಿಂದ ಭಾಗಿಸಿದರೆ ಅಲೆಯುದ್ದವು ಮೀಟರುಗಳಲ್ಲಿ ದೊರೆಯುತ್ತದೆ. ನಮಗೆ ಬೇಕಾದುದು ಅರ್ಧ ಅಲೆಯುದ್ದದ ತಂತಿ, ಎಂದರೆ 'ಡೈಪೋಲ್'. ತಂತಿಯ ತುದಿಗಳ ಪ್ರಭಾವದಿಂದ ಅದು ಸ್ವಲ್ಪ ಗಿಡ್ಡವಾಗಿಯೇ ಅನುರಣಿಸುವುದರಿಂದ, ೧೫೦ರ ಬದಲು ೧೪೩ನ್ನು ಆವೃತ್ತಿಯಿಂದ ಭಾಗಿಸುವುದು ರೂಢಿ. ೭.೧ ಮೆಗಾಹರ್ಟ್ಸಿಗೆ ಸುಮಾರು ೨೦.೧ ಮೀಟರು ಬರುತ್ತದೆ. ಅದನ್ನು ನಡುವೆ ಕತ್ತರಿಸಿ ಎರಡು ತೋಳುಗಳನ್ನಾಗಿ ಮಾಡಿ, ಅಲ್ಲಿಗೆ ೫೦ ಓಮಿನ ಏಕಾಕ್ಷ ಕೇಬಲನ್ನು ಜೋಡಿಸಬೇಕು.

ಇನ್ನು ಎತ್ತರದ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಎತ್ತರವನ್ನು ಅಡಿಗಳಲ್ಲಿ ಅಳೆದರೆ ಏನೂ ತಿಳಿಯದು, ಅಲೆಯುದ್ದದಲ್ಲಿ ಅಳೆಯಬೇಕು. ನೆಲವು ರೇಡಿಯೋ ಅಲೆಗಳಿಗೆ ಒಂದು ಕನ್ನಡಿ. ಅಡ್ಡಲಾಗಿ ಕಟ್ಟಿದ ತಂತಿಯಿಂದ ಕೆಳಕ್ಕೆ ಹೋದ ಅಲೆಯು ನೆಲದಲ್ಲಿ ಪ್ರತಿಫಲಿಸುವಾಗ ತಲೆಕೆಳಗಾಗುತ್ತದೆ, ಎಂದರೆ ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ತಂತಿಯು ಕಾಲು ಅಲೆಯುದ್ದದ ಎತ್ತರದಲ್ಲಿದೆಯೆಂದು ಭಾವಿಸೋಣ. ಕೆಳಗಿಳಿಯಲು ಕಾಲು, ತಲೆಕೆಳಗಾಗುವುದರಿಂದ ಅರ್ಧ, ಮೇಲೇರಲು ಕಾಲು. ಒಟ್ಟು ಒಂದು ಪೂರ್ಣ ಅಲೆ. ಹೀಗೆ ಹಿಂದಿರುಗಿದ ಅಲೆಯು ನೇರವಾಗಿ ಮೇಲಕ್ಕೆ ಹೊರಟ ಅಲೆಯೊಡನೆ ಹೆಜ್ಜೆ ಕೂಡಿಸುತ್ತದೆ. ಶಕ್ತಿಯ ಬಹುಭಾಗ ನೆತ್ತಿಯ ಕಡೆಗೆ ಹೋಗುತ್ತದೆ. ತಂತಿಯನ್ನು ಅರ್ಧ ಅಲೆಯುದ್ದಕ್ಕೆ ಏರಿಸಿದರೆ ಲೆಕ್ಕ ಒಂದೂವರೆ ಅಲೆಯಾಗಿ, ನೆತ್ತಿಯ ಕಡೆಗೆ ಎರಡೂ ಪರಸ್ಪರ ಅಳಿಸಿಹೋಗುತ್ತವೆ. ಆಗ ಅವು ಕೂಡಿಕೊಳ್ಳುವುದು ದಿಗಂತದಿಂದ ೩೦ ಡಿಗ್ರಿ ಮೇಲಿನ ಕೋನದಲ್ಲಿ. ಪೂರ್ಣ ಅಲೆಯುದ್ದದ ಎತ್ತರದಲ್ಲಿ ಅತ್ಯಂತ ಕೆಳಗಿನ ಕೋನವು ಸುಮಾರು ೧೪.೫ ಡಿಗ್ರಿ. ತ್ರಿಕೋನಮಿತಿ ಕಲಿತವರು ಇದನ್ನು ತಾವೇ ಸಾಧಿಸಿ ನೋಡಬಹುದು.

ಇದರ ಪರಿಣಾಮ ಸ್ವಾರಸ್ಯವಾಗಿದೆ. ೧೦.೫ ಮೀಟರಿನ, ಎಂದರೆ ಸುಮಾರು ೩೫ ಅಡಿಯ ಕಂಬವು ೭.೧ ಮೆಗಾಹರ್ಟ್ಸಿಗೆ ಕಾಲು ಅಲೆಯುದ್ದ, ೧೪.೨ ಮೆಗಾಹರ್ಟ್ಸಿಗೆ ಅದೇ ಕಂಬವು ಅರ್ಧ ಅಲೆಯುದ್ದ. ಮೊದಲನೆಯ ಪಟ್ಟಿಯಲ್ಲಿ ನೆತ್ತಿಗೇರಿದ ಅಲೆಗಳು ಹಗಲಿನಲ್ಲಿ ಅಯಾನುಮಂಡಲದಿಂದ ಹಿಂದಿರುಗಿ ಸುತ್ತಲ ಕೆಲವು ನೂರು ಕಿಲೋಮೀಟರುಗಳಲ್ಲಿ ಮಳೆಯಂತೆ ಇಳಿಯುತ್ತವೆ. ಬೆಂಗಳೂರಿನವನು ಮಂಗಳೂರು, ಹುಬ್ಬಳ್ಳಿಗಳೊಡನೆ ಮಾತನಾಡಲು ಇದೇ ಉತ್ತಮ. ಎರಡನೆಯದರಲ್ಲಿ ಒಂದೇ ನೆಗೆತಕ್ಕೆ ಸಾವಿರ ಕಿಲೋಮೀಟರು ಮತ್ತು ಅದರಾಚೆ ದಾಟಬಹುದು. ನೆರೆಹಾವಳಿಯಲ್ಲಿ ಪಕ್ಕದ ಜಿಲ್ಲೆಗೆ ಸುದ್ದಿ ಕಳುಹಿಸಬೇಕಾದವನಿಗೆ ೭೦ ಅಡಿಯ ಗೋಪುರ ಅನಾವಶ್ಯಕವೆಂಬುದು ಇದರಿಂದ ಸ್ಪಷ್ಟ. ಆದರೆ ಆಳೆತ್ತರದಲ್ಲಿ ತಂತಿ ಕಟ್ಟಿದರೆ ನಡೆಯದು. ಆಗ ಶಕ್ತಿಯ ಹೆಚ್ಚು ಪಾಲು ನೆಲವನ್ನು ಬಿಸಿಮಾಡುವುದಕ್ಕೇ ವ್ಯಯವಾಗುತ್ತದೆ.

ಎರಡು ಅಂತಸ್ತಿನ ಮನೆಯ ತಾರಸಿಯ ಮೇಲೆ ನಾಲ್ಕು ಮೀಟರಿನ ಕೊಳವೆ ನಿಲ್ಲಿಸಿದರೆ ನಮ್ಮ ಎತ್ತರ ಸಿದ್ಧ. ನಡುವನ್ನು ಕೊಳವೆಯ ತುದಿಗೆ ಕಟ್ಟಿ ತೋಳುಗಳನ್ನು ಇಳಿಜಾರಾಗಿ ಎರಡು ಕಡೆಗೆ ಎಳೆಯಬಹುದು. ಹಳ್ಳಿಯ ತೋಟದಲ್ಲಾದರೆ ತೆಂಗಿನ ಮರಗಳಿವೆ. ಮರವು ಗಾಳಿಗೆ ತೂಗುವುದರಿಂದ ಹಗ್ಗವನ್ನು ಬಿಗಿಯಾಗಿ ಕಟ್ಟದೆ, ರಾಟೆಯ ಮೇಲೆ ಹಾಯಿಸಿ ತುದಿಗೆ ಕಲ್ಲು ತೂಗುಬಿಟ್ಟರೆ ತಂತಿ ಹರಿಯುವುದಿಲ್ಲ. ಬಾವಿಯ ರಾಟೆಯೇ ಸಾಕು.

ಗೋಪುರವನ್ನು ಕಟ್ಟಲೇಬೇಕೆನ್ನುವವರು ಗಾಳಿಯ ಬಲವನ್ನು ಎಣಿಸಲಿ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಸೆಕೆಂಡಿಗೆ ೩೦ ಮೀಟರು ಬೀಸುವ ಬಿರುಗಾಳಿಯು ಚದರ ಮೀಟರಿಗೆ ಸುಮಾರು ೫೪೦ ನ್ಯೂಟನ್ ಒತ್ತುತ್ತದೆ. ಕಂಬದ ತುದಿಯಲ್ಲಿ ಅರ್ಧ ಚದರ ಮೀಟರಿನ ಯಾಗಿ ಆಂಟೆನಾ ಇದ್ದರೆ ಅದರ ಮೇಲಿನ ಬಲ ೨೭೦ ನ್ಯೂಟನ್, ಎಂದರೆ ೨೭ ಕಿಲೋಗ್ರಾಮಿನ ತೂಕ. ಇಷ್ಟೇ ತಾನೆ ಎನ್ನಬಾರದು. ಹತ್ತು ಮೀಟರಿನ ಸನ್ನೆಯಾದ ಕಂಬದ ಬುಡವನ್ನು ಆ ಬಲವು, ಒಂದು ಮೀಟರಿನ ಸನ್ನೆಗೆ ೨೭೦ ಕಿಲೋಗ್ರಾಮು ತೂಗುಹಾಕಿದಂತೆ ಮುರಿಯಲೆತ್ನಿಸುತ್ತದೆ. ಕಂಬದ ಮೇಲೆಯೇ ಬೀಳುವ ಗಾಳಿ ಬೇರೆ. ಆದ್ದರಿಂದ ಮೂರು ದಿಕ್ಕುಗಳಿಗೆ ೧೨೦ ಡಿಗ್ರಿ ಅಂತರದಲ್ಲಿ ಬಿಗಿತಂತಿಗಳು, ಲೈನ್‌ಮನ್ನರು 'ಸ್ಟೇ' ಎನ್ನುವಂಥವು, ಇರಲೇಬೇಕು. ಕಂಬದ ಎತ್ತರದ ಮುಕ್ಕಾಲು ಪಾಲು ದೂರದಲ್ಲಿ ಅವುಗಳ ಗೂಟಗಳಿರಲಿ. ಅಗ್ಗದ ಪ್ಲಾಸ್ಟಿಕ್ ಹಗ್ಗವು ನಮ್ಮ ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ.

ಗಾಳಿಗಿಂತಲೂ ಘೋರವಾದ ಶತ್ರು ಬೀದಿಯ ವಿದ್ಯುತ್ ತಂತಿ. ಅಡಿಕೆ, ತೆಂಗು ಕೊಯ್ಯುವ ಲೋಹದ ದೋಟಿಯು ತಂತಿಗೆ ತಗುಲಿ ಜೀವ ಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಎತ್ತಿ ನಿಲ್ಲಿಸುವಾಗ ಕೈತಪ್ಪಿದ ಕಬ್ಬಿಣದ ಕೊಳವೆಯೂ ಅಂಥದೇ ದೋಟಿ. ೧೧,೦೦೦ ವೋಲ್ಟಿನ ತಂತಿಯ ಮುಂದೆ ರಬ್ಬರ್ ಚಪ್ಪಲಿಯನ್ನು ನಂಬುವುದು ಮೂರ್ಖತನ. ಕಂಬ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ಮುಟ್ಟದಿರಬೇಕು. ಕಂಬದ ಪೂರ್ಣ ಉದ್ದದ ಒಂದೂವರೆ ಪಟ್ಟು ದೂರವಾದರೂ ಇರಲಿ. ಅಷ್ಟು ಜಾಗವಿಲ್ಲದಿದ್ದರೆ ಅಲ್ಲಿ ಕಂಬವೇ ಬೇಡ. ಏಣಿ ಹಿಡಿಯಲು, ಹಗ್ಗ ಎಳೆಯಲು ಇನ್ನಿಬ್ಬರಿಲ್ಲದೆ ಕೆಲಸಕ್ಕೆ ಕೈಹಾಕಲೂ ಕೂಡದು.

ಸಿಡಿಲಿನ ವಿಷಯದಲ್ಲಿ, ಕಂಬವನ್ನು ದಪ್ಪ ತಾಮ್ರದ ಪಟ್ಟಿಯಿಂದ ಭೂಸಂಪರ್ಕಗೊಳಿಸಿ, ಅದನ್ನು ಮನೆಯ ಭೂಸಂಪರ್ಕದೊಡನೆ ಕೂಡಿಸಬೇಕು. ಇದರಿಂದ ಅಪಾಯ ತಗ್ಗುತ್ತದೆಯೇ ಹೊರತು ನೀಗುವುದಿಲ್ಲ. ಅಶ್ವಿನಿ, ಭರಣಿ ಮಳೆಗಳ ದಿನಗಳಲ್ಲಿ ಮಧ್ಯಾಹ್ನವೇ ಕೇಬಲನ್ನು ಯಂತ್ರದಿಂದ ಬಿಡಿಸಿ ಕಿಟಕಿಯ ಹೊರಗಿಡುವುದು ಜಾಣತನ. ಗುಡುಗು ಕೇಳಿಸಿದ ಮೇಲೆ ಅದನ್ನು ಮುಟ್ಟಲೇಬಾರದು.

ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ಕೊನೆಗೆ ತಂತಿಯ ಉದ್ದವನ್ನು ಹದಗೊಳಿಸಬೇಕು. ಲೆಕ್ಕಕ್ಕಿಂತ ಅರ್ಧ ಮೀಟರು ಉದ್ದವಾಗಿಯೇ ಕತ್ತರಿಸಿ ಏರಿಸಿರಿ. ಹೆಚ್ಚಾದುದನ್ನು ತೆಗೆಯುವುದು ಸುಲಭ. ಸ್ಥಾಯಿ ಅಲೆಗಳ ಮಾಪಕದಿಂದ ಪರೀಕ್ಷಿಸಿದಾಗ ೨೦.೬ ಮೀಟರಿನ ತಂತಿಯು ೬.೯೫ ಮೆಗಾಹರ್ಟ್ಸಿನಲ್ಲಿ ಅನುರಣಿಸಿತೆನ್ನಿ. ೨೦.೬ನ್ನು ೬.೯೫ರಿಂದ ಗುಣಿಸಿ ೭.೧ರಿಂದ ಭಾಗಿಸಿದರೆ ಸುಮಾರು ೨೦.೧೭ ಬರುತ್ತದೆ. ಪ್ರತಿಯೊಂದು ತೋಳಿನಿಂದಲೂ ೨೧ ಸೆಂಟಿಮೀಟರು ಕತ್ತರಿಸಿ, ಮತ್ತೆ ಅದೇ ಎತ್ತರಕ್ಕೆ ಏರಿಸಿ ಅಳೆಯಿರಿ.